ಮಾರಬಾರದ ಭತ್ತ: ಜಾವಾ ದ್ವೀಪದ ಒಂದು ಬೆಟ್ಟದ ಊರು

(ನಮ್ಮ ಬಳಗದ ಅಧ್ಯಯನ ಶಿಬಿರದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹರೂಪ)



ಬೆಟ್ಟದ ಜನರ ಕಷ್ಟಸುಖವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ನಮ್ಮ ಹೊಳೆ, ನಮ್ಮ ಕಾನು, ನಮ್ಮ ಗದ್ದೆಗಳ ಎಲ್ಲೆಯೊಳಗೇ ಸುತ್ತುತ್ತೇವೆ. ಇಂದು ಸ್ವಲ್ಪ ದೂರ ಹೋಗೋಣ. ಇಂಡೊನೇಷ್ಯದ ಜಾವಾ ದ್ವೀಪದ ಪಶ್ಚಿಮ ಭಾಗದಲ್ಲಿ, ಹಾಲಿಮುನ್ ಎಂಬ ಬೆಟ್ಟಸಾಲಿನ ಮಡಿಲಲ್ಲಿ ಭತ್ತ ಬೆಳೆದು ಬದುಕುವ ಒಂದು ಸಮುದಾಯವಿದೆ. ಅವರ ಕೇಂದ್ರವಾಗಿದ್ದು ಹೆಸರಾದ ಊರು ಚಿಪ್ತಾಗೆಲಾರ್. ನಾನು ಪ್ರವಾಸಕಥನ ಹೇಳಲು ನಿಂತಿಲ್ಲ. ಆ ಊರಿನ ಬೇಸಾಯ ಹೇಗೆ ನಡೆಯುತ್ತದೆ, ಅದು ಯಾವ ಆಧಾರದ ಮೇಲೆ ಉಳಿದಿದೆ, ಅದಕ್ಕೆ ಯಾವ ಅಪಾಯಗಳಿವೆ ಎಂಬುದನ್ನು ಕೃಷಿ ವಿಜ್ಞಾನದ ಕಣ್ಣಿನಿಂದ ನೋಡುವುದಷ್ಟೇ ನನ್ನ ಉದ್ದೇಶ.

ನೆಲ ಮತ್ತು ಜನ

ಜಾವಾ ದ್ವೀಪದ ವಿಸ್ತೀರ್ಣ ಸುಮಾರು 1,30,000 ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಮೂರನೆಯ ಎರಡು ಪಾಲಿನಷ್ಟು. ಅಷ್ಟು ನೆಲದಲ್ಲಿ 2020ರ ಜನಗಣತಿಯ ಪ್ರಕಾರ 15 ಕೋಟಿಗೂ ಹೆಚ್ಚು ಜನರಿದ್ದರು. ಇಷ್ಟು ಒತ್ತಡದ ದ್ವೀಪದಲ್ಲಿ ಮಳೆಕಾಡು ಉಳಿದಿರುವುದೇ ಆಶ್ಚರ್ಯ. ಹಾಗೆ ಉಳಿದ ದೊಡ್ಡ ಕಾಡುಗಳಲ್ಲಿ ಹಾಲಿಮುನ್ ಒಂದು. ಸುಂದಾ ಭಾಷೆಯಲ್ಲಿ 'ಹಾಲಿಮುನ್' ಎಂದರೆ ಮಂಜು. ವರ್ಷಕ್ಕೆ 4,000ದಿಂದ 6,000 ಮಿಲಿಮೀಟರ್ ಮಳೆ ಸುರಿಯುವ ನಾಡದು. ಆಗುಂಬೆಯ ಕಡೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಜಾವಾದ ಗಿಬ್ಬನ್, ಜಾವಾದ ಗಿಡುಗ-ಹದ್ದು, ಚಿರತೆ ಈ ಕಾಡಿನ ನಿವಾಸಿಗಳು.

ಈ ಬೆಟ್ಟಗಳ ಸುತ್ತ, ಸುಕಬುಮಿ, ಬೋಗೋರ್ ಮತ್ತು ಲೆಬಾಕ್ ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಸುಂದಾ ರೈತ ಸಮುದಾಯಗಳನ್ನು 'ಕಸೆಪುಹಾನ್' ಎನ್ನುತ್ತಾರೆ. 'ಸೆಪುಹ್' ಎಂದರೆ ಹಿರಿಯ. ಹಿರಿಯರ ಕಟ್ಟಳೆಯಂತೆ ನಡೆಯುವವರು ಎಂದು ಅರ್ಥೈಸಬಹುದು. 1579ರಲ್ಲಿ ಪತನಗೊಂಡ ಪಜಾಜರಾನ್ ರಾಜ್ಯದೊಂದಿಗೆ ತಮ್ಮ ಮೂಲವನ್ನು ಇವರಲ್ಲಿ ಹಲವರು ಜೋಡಿಸಿಕೊಳ್ಳುತ್ತಾರೆ. ಇವರು ಮುಸಲ್ಮಾನರು, ಆದರೂ ಭತ್ತದ ತಾಯಿಯನ್ನು 'ನ್ಯೀ ಪೊಹಾಚಿ' ಎಂದು ಗೌರವಿಸುತ್ತಾರೆ. ಜಾವಾದ ಉಳಿದೆಡೆ ಅವಳ ಹೆಸರು ದೇವಿ ಶ್ರೀ. ಆ ಹೆಸರು ಎಲ್ಲಿಂದ ಹೋಯಿತೆಂದು ನಿಮಗೆ ಹೇಳಬೇಕಾಗಿಲ್ಲ.

ಚಿಪ್ತಾಗೆಲಾರ್ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಸಮುದಾಯದ ಮುಖ್ಯಸ್ಥರನ್ನು 'ಅಬಾಹ್' (ಅಪ್ಪ) ಎಂದು ಕರೆಯುತ್ತಾರೆ. ಅವರ ನೆಲೆ ಒಂದೇ ಕಡೆ ನಿಲ್ಲುವುದಿಲ್ಲ. ಪೂರ್ವಿಕರ ಸಂದೇಶ ಬಂದಾಗ ಕೇಂದ್ರದ ಊರೇ ಸ್ಥಳಾಂತರಗೊಳ್ಳುತ್ತದೆ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಬಾಹ್ ಅನೊಮ್ ಎಂಬ ಮುಖ್ಯಸ್ಥರು ಚಿಪ್ತಾರಸ ಎಂಬ ಊರಿನಿಂದ ಚಿಪ್ತಾಗೆಲಾರ್‌ಗೆ ಬಂದರು. 2007ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಅಬಾಹ್ ಉಗಿ ಆ ಸ್ಥಾನಕ್ಕೆ ಬಂದರು. ಈಚಿನ ವರ್ಷಗಳಲ್ಲಿ ಅವರು ತಮ್ಮ ಕೇಂದ್ರವನ್ನು ಗೆಲಾರ್ ಆಲಂ ಎಂಬ ಹೊಸ ಊರಿಗೆ ಒಯ್ದಿದ್ದಾರೆ. ಊರು ಬದಲಾದರೂ ಬೇಸಾಯದ ಕಟ್ಟಳೆ ಬದಲಾಗಿಲ್ಲ. ಆದುದರಿಂದ ನನ್ನ ಮಾತು ಆ ಕಟ್ಟಳೆಯನ್ನು ಕುರಿತದ್ದು.

ವರ್ಷಕ್ಕೊಂದೇ ಬೆಳೆ

ಕಸೆಪುಹಾನ್ ರೈತರು ವರ್ಷಕ್ಕೆ ಒಂದೇ ಸಲ ಭತ್ತ ಬೆಳೆಯುತ್ತಾರೆ. ನೀರಿಲ್ಲವೆಂದಲ್ಲ. ಬೆಟ್ಟದ ಇಳಿಜಾರಿನ ಮೆಟ್ಟಿಲುಗದ್ದೆಗಳಲ್ಲಿ ವರ್ಷವಿಡೀ ನೀರು ಹರಿಯುತ್ತದೆ. ಸರಕಾರ ಎರಡು, ಮೂರು ಬೆಳೆ ತೆಗೆಯಿರೆಂದು ದಶಕಗಳ ಕಾಲ ಒತ್ತಾಯಿಸಿದರೂ ಇವರು ಒಪ್ಪಲಿಲ್ಲ. ತಾಯಿ ವರ್ಷಕ್ಕೆ ಒಂದೇ ಸಲ ಹೆರಬಲ್ಲಳು, ಭೂಮಿಯೂ ಹಾಗೆಯೇ ಎಂಬುದು ಅವರ ನಂಬಿಕೆ. ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ ದಿನ ಬಸುರಿ ಭೂಮಿಗೆ ಬಯಕೆ ಬಡಿಸುವವರಿಗೆ ಈ ಮಾತು ಹೊಸದಲ್ಲ. ಸುಂದಾ ರೈತರೂ ಭತ್ತ ಹೊಡೆ ತುಂಬುವ ಕಾಲದಲ್ಲಿ ಅದನ್ನು ಗರ್ಭಿಣಿಯಂತೆ ಕಂಡು ಎಡೆ ಇಡುತ್ತಾರೆ. ಹೊಸ ಅಕ್ಕಿ ಉಣ್ಣುವ ಅವರ 'ಙಾನ್ಯಾರನ್' ನಮ್ಮ ಹೊಸ್ತಿನ ಊಟದಂತೆ, ಕೊಡಗಿನ ಹುತ್ತರಿಯಂತೆ.

ಬಿತ್ತನೆಯ ಕಾಲವನ್ನು ಅವರು ನಕ್ಷತ್ರಗಳಿಂದ ತಿಳಿಯುತ್ತಾರೆ. ಎರಡು ತಾರಾಪುಂಜಗಳು ಮುಖ್ಯ: 'ಕೆರ್ತಿ' ಮತ್ತು 'ಕಿಡಾಂಗ್'. ಕೆರ್ತಿ ಎಂಬುದು ನಮ್ಮ ಕೃತ್ತಿಕೆಯೇ. ಕಿಡಾಂಗ್ ಎಂದರೆ ಜಿಂಕೆ, ನಮ್ಮ ಕಾಡುಕುರಿಯ ಜಾತಿಯದು. ಆಕಾಶದಲ್ಲಿ ಅದು ಮಹಾವ್ಯಾಧ ಪುಂಜ. ನಾವು ಮೃಗಶಿರ, ಅಂದರೆ ಜಿಂಕೆಯ ತಲೆ, ಎಂದು ಕರೆಯುವ ನಕ್ಷತ್ರ ಇರುವುದೂ ಅದೇ ಪುಂಜದಲ್ಲಿ. ವ್ಯತ್ಯಾಸವೊಂದಿದೆ. ನಾವು 'ಮೃಗಶಿರಾ ಮಳೆ' ಎನ್ನುವಾಗ ಸೂರ್ಯನೇ ಆ ನಕ್ಷತ್ರದಲ್ಲಿರುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ. ಪಂಚಾಂಗ ನೋಡಿ ತಿಳಿಯುತ್ತೇವೆ. ಅವರು ಬೆಳಗಿನ ಜಾವ ಬೆಟ್ಟದ ಮೇಲೆ ಕೆರ್ತಿ ಮೂಡುವುದನ್ನು ಕಣ್ಣಾರೆ ಕಂಡು ಕಬ್ಬಿಣದ ಹತ್ಯಾರುಗಳನ್ನು ಸಿದ್ಧಪಡಿಸುತ್ತಾರೆ. ಅನಂತರ ಕಿಡಾಂಗ್ ಮೂಡಿದಾಗ ಹೊಲಗದ್ದೆಯ ಕೆಲಸಕ್ಕೆ ಇಳಿಯುತ್ತಾರೆ.

ಇದರಲ್ಲಿ ಕೀಟಶಾಸ್ತ್ರವೂ ಅಡಗಿದೆ. ಸಂಜೆಯ ಪಶ್ಚಿಮದಲ್ಲಿ ಕಿಡಾಂಗ್ ಮುಳುಗಿ ಮರೆಯಾಗುವ ಕಾಲಕ್ಕೆ ಹಾಲುಗಾಳನ್ನು ಹೀರುವ ಗಂಧಿತಿಗಣೆ ಇಳಿದುಬರುತ್ತದೆ ಎಂಬುದು ಅವರ ಹಿರಿಯರ ಎಚ್ಚರಿಕೆ. ಆ ವೇಳೆಗೆ ಕಾಳು ಗಟ್ಟಿಯಾಗಿರಬೇಕು. ಹಾಗಾಗಬೇಕಾದರೆ ಎಲ್ಲರೂ ಒಂದೇ ಅವಧಿಯಲ್ಲಿ ನಾಟಿ ಮಾಡಿರಬೇಕು. ಒಬ್ಬ ತಡವಾದರೆ ಅವನ ಗದ್ದೆ ಇಡೀ ಊರಿನ ಕೀಟಗಳಿಗೆ ಆಶ್ರಯವಾಗುತ್ತದೆ. ಕೊಯ್ಲಿನ ಬಳಿಕ ಗದ್ದೆಗಳು ತಿಂಗಳುಗಟ್ಟಲೆ ಭತ್ತವಿಲ್ಲದೆ ಇರುವುದರಿಂದ, ಭತ್ತವನ್ನೇ ನೆಚ್ಚಿದ ಕೀಟಗಳ ಸಂತತಿ ಮುಂದುವರಿಯಲು ಆಹಾರ ಸಿಗುವುದಿಲ್ಲ. ಏಕಕಾಲದ ನಾಟಿ ಮತ್ತು ನಡುವಿನ ಬಿಡುವು ಕೀಟನಿಯಂತ್ರಣದ ಪ್ರಬಲ ಸಾಧನಗಳೆಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ಅಲ್ಲಿ ಅದು ಕಟ್ಟಳೆಯ ರೂಪದಲ್ಲಿ ಉಳಿದು ಬಂದಿದೆ.

ಬಯಲಿನಲ್ಲಿ ನಡೆದದ್ದು

ಈ ಕಟ್ಟಳೆಯ ಬೆಲೆ ತಿಳಿಯಬೇಕಾದರೆ ಅದೇ ದ್ವೀಪದ ಬಯಲಿನಲ್ಲಿ ಏನಾಯಿತೆಂಬುದನ್ನು ನೋಡಬೇಕು. 1960ರ ದಶಕದ ನಡುವಿನಿಂದ ಇಂಡೊನೇಷ್ಯ ಸರಕಾರ 'ಬಿಮಾಸ್' ಎಂಬ ಕಾರ್ಯಕ್ರಮದ ಮೂಲಕ ಅಧಿಕ ಇಳುವರಿಯ ಗಿಡ್ಡ ತಳಿಗಳು, ಗೊಬ್ಬರ, ಸಾಲ ಮತ್ತು ಕೀಟನಾಶಕಗಳನ್ನು ಒಟ್ಟಾಗಿ ರೈತರಿಗೆ ತಲುಪಿಸಿತು. ಇಳುವರಿ ಹೆಚ್ಚಿತು, ನಿಜ. ಅಕ್ಕಿ ಆಮದು ಮಾಡಿಕೊಳ್ಳುತ್ತಿದ್ದ ದೇಶ 1984ರಲ್ಲಿ ಸ್ವಾವಲಂಬನೆ ಘೋಷಿಸಿತು. ಹಸಿದ ಜನಕ್ಕೆ ಅನ್ನ ಸಿಕ್ಕಿದ್ದನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಆದರೆ 1970ರ ದಶಕದ ನಡುವಿನಿಂದಲೇ ಕಂದು ಜಿಗಿಹುಳುವಿನ ಹಾವಳಿ ಬಯಲನ್ನು ಸುಟ್ಟಿತು. ನಿರೋಧಕ ತಳಿ ತಂದರೆ ಕೆಲವೇ ಹಂಗಾಮುಗಳಲ್ಲಿ ಹುಳು ಅದನ್ನೂ ಗೆದ್ದಿತು. ಕಾರಣ ಸರಳವಾಗಿತ್ತು. ಜಿಗಿಹುಳುವಿನ ಮೊಟ್ಟೆ ಎಲೆಕವಚದೊಳಗೆ ಇರುವುದರಿಂದ ಸಿಂಪರಣೆಗೆ ಸಿಗುವುದಿಲ್ಲ. ವಿಷಕ್ಕೆ ಸಾಯುವುದು ಹುಳುವನ್ನು ತಿನ್ನುವ ಜೇಡ ಮತ್ತಿತರ ಮಿತ್ರಜೀವಿಗಳು. ಹೆಚ್ಚು ಹೊಡೆದಷ್ಟೂ ಹುಳು ಹೆಚ್ಚುತ್ತದೆ. ಅದರ ಮೇಲೆ, ಸರಕಾರವೇ ಕೀಟನಾಶಕಗಳಿಗೆ ಭಾರಿ ಸಬ್ಸಿಡಿ ಕೊಡುತ್ತಿತ್ತು. ಕೊನೆಗೆ 1986ರ ನವೆಂಬರ್‌ನಲ್ಲಿ ರಾಷ್ಟ್ರಾಧ್ಯಕ್ಷರ ಆದೇಶದ ಮೂಲಕ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಲಾಯಿತು. ಸಬ್ಸಿಡಿಯನ್ನು ಹಂತಹಂತವಾಗಿ ತೆಗೆಯಲಾಯಿತು. 1989ರಿಂದ ರೈತರು ಗದ್ದೆಯಲ್ಲೇ ಕುಳಿತು ಕೀಟಗಳನ್ನು ಗಮನಿಸಿ ಕಲಿಯುವ 'ಕ್ಷೇತ್ರ ಪಾಠಶಾಲೆ'ಗಳು ಆರಂಭವಾದವು. ಆ ಮಾದರಿ ಮುಂದೆ ಭಾರತಕ್ಕೂ ಬಂದಿತು. ಬಯಲು ಇಷ್ಟು ದುಬಾರಿ ಬೆಲೆ ತೆತ್ತು ಕಲಿತ ಪಾಠದ ಒಂದು ಭಾಗವನ್ನು ಬೆಟ್ಟದವರು ಆವರೆಗೂ ಬಿಟ್ಟುಕೊಟ್ಟಿರಲಿಲ್ಲ.

ಕಣಜವೇ ಬ್ಯಾಂಕು

ಚಿಪ್ತಾಗೆಲಾರ್ ರೈತರ ಬಳಿ ನೂರಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳಿವೆ. ಎತ್ತರದ ಚಳಿಗೆ, ತಣ್ಣೀರಿಗೆ, ಒಣಭೂಮಿಗೆ ಒಗ್ಗಿದ ತಳಿಗಳು ಬೇರೆ ಬೇರೆ. ಇವು ಎತ್ತರವಾಗಿ ಬೆಳೆಯುವ, ದೀರ್ಘಾವಧಿಯ ತಳಿಗಳು. ಕೊಯ್ಲಿಗೆ ಕುಡುಗೋಲಿಲ್ಲ. ಅಂಗೈಯೊಳಗೆ ಹಿಡಿಯುವ ಪುಟ್ಟ ಅಲಗಿನಿಂದ ಒಂದೊಂದೇ ತೆನೆಯನ್ನು ದಂಟುಸಹಿತ ಕೊಯ್ಯುತ್ತಾರೆ. ತೆನೆಗಳನ್ನು ಸೂಡಿ ಕಟ್ಟಿ, ಬಿದಿರಿನ ಗಳುಗಳ ಮೇಲೆ ವಾರಗಟ್ಟಲೆ ಒಣಗಿಸಿ ಕಣಜಕ್ಕೆ ಹೊರುತ್ತಾರೆ. ತೆನೆ ತೆನೆಯಾಗಿ ಕೊಯ್ಯುವುದರಿಂದ ತಳಿಯ ಶುದ್ಧತೆಯೂ ಉಳಿಯುತ್ತದೆ. ಬೆರಕೆ ತೆನೆ ಕೈಗೇ ತಿಳಿಯುತ್ತದೆ.

ಕಣಜಕ್ಕೆ ಅವರು 'ಲೆವಿತ್' ಎನ್ನುತ್ತಾರೆ. ನೆಲದಿಂದ ಮೇಲೆ ಕಂಬಗಳ ಮೇಲೆ ನಿಂತ, ಬಿದಿರುತಟ್ಟಿಯ ಗೋಡೆಯ ಪುಟ್ಟ ಮನೆಯಂಥ ಕಟ್ಟಡ. ಮೇಲೆ ನಮ್ಮ ಬೈನೆ ಮರದ ಬಂಧುವಾದ ಸಕ್ಕರೆತಾಳೆಯ ಕಪ್ಪು ನಾರಿನ ಹೊದಿಕೆ. ಬೆಂಕಿಯ ಭಯದಿಂದ ಕಣಜಗಳನ್ನು ಮನೆಗಳಿಂದ ದೂರದಲ್ಲಿ ಗುಂಪಾಗಿ ಕಟ್ಟುತ್ತಾರೆ. ಚೆನ್ನಾಗಿ ಒಣಗಿದ ತೆನೆ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಕುಟುಂಬದ ಕಣಜಗಳಲ್ಲದೆ ಸಮುದಾಯದ ದೊಡ್ಡ ಕಣಜವೊಂದಿದೆ. ಅದರ ಹೆಸರು 'ಸಿ ಜಿಮಾತ್'. ಪ್ರತಿ ಮನೆಯೂ ಸುಗ್ಗಿಯ ಒಂದು ಪಾಲನ್ನು ಅಲ್ಲಿ ಇಡುತ್ತದೆ. ಬೆಳೆ ಕೈಕೊಟ್ಟವರು ಅಲ್ಲಿಂದ ಕಡ ಪಡೆದು ಮುಂದಿನ ಸುಗ್ಗಿಗೆ ಹಿಂದಿರುಗಿಸುತ್ತಾರೆ. ವರ್ಷದ ಕೊನೆಯ 'ಸೆರೆನ್ ತಾವುನ್' ಹಬ್ಬದಲ್ಲಿ ಈ ಕಣಜಕ್ಕೆ ಭತ್ತ ತುಂಬುವುದೇ ಮುಖ್ಯ ವಿಧಿ.

ಭತ್ತವನ್ನಾಗಲಿ ಅಕ್ಕಿಯನ್ನಾಗಲಿ ಮಾರಕೂಡದೆಂಬುದು ಇಲ್ಲಿನ ಅತಿ ಗಟ್ಟಿಯಾದ ಕಟ್ಟಳೆ. ಬಂದ ಅತಿಥಿಗೆ ಉಣಿಸಬಹುದು, ಕಡ ಕೊಡಬಹುದು, ಮಾರುವಂತಿಲ್ಲ. ಹಣ ಬೇಕಾದರೆ ತಾಳೆಬೆಲ್ಲ, ಬಾಳೆ, ತರಕಾರಿ ಮಾರಬಹುದು, ಹೊರಗೆ ದುಡಿಯಬಹುದು. ಇದರ ಪರಿಣಾಮವನ್ನು ಯೋಚಿಸಿ. ಅಕ್ಕಿಯ ಪೇಟೆದರ ಏರಲಿ, ಇಳಿಯಲಿ, ಈ ಊರಿನ ಊಟಕ್ಕೆ ತೊಂದರೆಯಿಲ್ಲ. 1997-98ರಲ್ಲಿ ಇಂಡೊನೇಷ್ಯದ ರೂಪಾಯಿ ಕುಸಿದು, ಬರವೂ ಸೇರಿ, ಅಕ್ಕಿಯ ಬೆಲೆ ನಗರದ ಬಡವರ ಕೈಗೆಟುಕದೆ ಹೋಯಿತು. ಭತ್ತ ಕಣಜದಲ್ಲಿರುವವನಿಗೂ ಅಕ್ಕಿಯನ್ನು ಅಂಗಡಿಯಿಂದ ತರುವವನಿಗೂ ಇರುವ ಅಂತರ ತಿಳಿಯುವುದು ಅಂಥ ವರ್ಷಗಳಲ್ಲಿ.

ಇಳುವರಿಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಖಂಡಿತ ಕೇಳಬೇಕು. ಇಂಡೊನೇಷ್ಯದ ಸರಾಸರಿ ಭತ್ತದ ಇಳುವರಿ ಒಂದು ಬೆಳೆಗೆ ಹೆಕ್ಟೇರಿಗೆ 5 ಟನ್ನಿಗೆ ತುಸು ಮೇಲಿದೆ. ನಾಟಿ ತಳಿಗಳು ಅಷ್ಟು ಕೊಡುವುದಿಲ್ಲ, ಅದೂ ವರ್ಷಕ್ಕೊಂದೇ ಸಲ. ಈ ಪದ್ಧತಿಯಿಂದ ಜಕಾರ್ತ ನಗರಕ್ಕೆ ಅನ್ನ ಒದಗಿಸಲು ಆಗದು. ಆದರೆ ಬೆಟ್ಟದ ಗದ್ದೆಯನ್ನು ಅಳೆಯಬೇಕಾದ್ದು ಟನ್ನುಗಳಿಂದ ಮಾತ್ರವಲ್ಲ. ಹೊರಗಿನಿಂದ ತಂದ ಒಳಸುರಿ ಎಷ್ಟು, ಸಾಲ ಎಷ್ಟು, ಕೆಟ್ಟ ವರ್ಷದಲ್ಲಿ ಉಳಿದದ್ದೆಷ್ಟು, ಕೆಳಗಿನ ಹೊಳೆಗೆ ಬಿಟ್ಟ ನೀರು ಎಂಥದು ಎಂಬ ಲೆಕ್ಕಗಳೂ ಸೇರಬೇಕು.

ಮೂರು ಬಗೆಯ ಕಾಡು

ಕಸೆಪುಹಾನ್ ಜನರು ಕಾಡನ್ನು ಮೂರಾಗಿ ವಿಂಗಡಿಸುತ್ತಾರೆ. 'ಲೆವ್ವೆಂಗ್ ತಿತಿಪಾನ್' ಪೂರ್ವಿಕರು ಒಪ್ಪಿಸಿಹೋದ ಕಾಡು. ಅಲ್ಲಿ ಯಾರೂ ಕೈಯಿಡುವಂತಿಲ್ಲ. 'ತುತುಪಾನ್' ಮುಚ್ಚಿದ ಕಾಡು. ಅಗತ್ಯಕ್ಕೆ, ಹಿರಿಯರ ಅನುಮತಿಯಿಂದ ಮಾತ್ರ ಬಳಕೆ. 'ಗರಪಾನ್' ಎಂಬುದು ಗದ್ದೆ, ಒಣಭೂಮಿಯ ಬೇಸಾಯ, ತೋಟಗಳಿಗೆ ತೆರೆದ ಕಾಡು. ದೇವರಕಾಡು, ಕಾನು, ಸೊಪ್ಪಿನಬೆಟ್ಟ ಎಂಬ ಹೆಸರುಗಳನ್ನು ಬಲ್ಲ ನಮಗೆ ಈ ವಿಂಗಡಣೆಯ ತರ್ಕ ಸುಲಭವಾಗಿ ತಿಳಿಯುತ್ತದೆ. ಮೇಲಿನ ಕಾಡು ಉಳಿದರೆ ಕೆಳಗಿನ ಗದ್ದೆಗೆ ನೀರು. ಈ ಊರುಗಳಿಗೆ ವಿದ್ಯುತ್ ಬಂದಿರುವುದು ಹಳ್ಳದ ನೀರಿನಿಂದ ತಿರುಗುವ ಕಿರು ಜಲವಿದ್ಯುತ್ ಘಟಕಗಳಿಂದ. ಆದುದರಿಂದ ಕಾಡು ಕಡಿದರೆ ದೀಪವೂ ಆರುತ್ತದೆ. ಅವರು ಯಂತ್ರವಿರೋಧಿಗಳಲ್ಲ. ಸ್ವಂತ ಸಮುದಾಯ ಟಿ.ವಿ. ವಾಹಿನಿಯನ್ನೂ ನಡೆಸಿದವರು. ಆದರೆ ಭತ್ತದ ವಿಷಯದಲ್ಲಿ ಯಂತ್ರಕ್ಕೆ ಎಡೆಯಿಲ್ಲ. ಅಕ್ಕಿ ಮಾಡುವುದು ಇಂದಿಗೂ ಒನಕೆಯಿಂದಲೇ.

ಸಮಸ್ಯೆ ಹುಟ್ಟಿದ್ದು ಸರಕಾರದ ನಕಾಶೆಯಲ್ಲಿ. 1992ರಲ್ಲಿ ಹಾಲಿಮುನ್ 40,000 ಹೆಕ್ಟೇರ್ ವಿಸ್ತಾರದ ರಾಷ್ಟ್ರೀಯ ಉದ್ಯಾನವಾಯಿತು. 2003ರಲ್ಲಿ ಸಲಾಕ್ ಬೆಟ್ಟವನ್ನೂ ಅರಣ್ಯ ನಿಗಮದ ನೆಡುತೋಪುಗಳನ್ನೂ ಸೇರಿಸಿ 1,13,000 ಹೆಕ್ಟೇರ್ ದಾಟಿಸಲಾಯಿತು. ಎಷ್ಟೋ ಊರುಗಳು, ಗದ್ದೆ, ಕಣಜಗಳ ಸಹಿತ, ಇದ್ದಲ್ಲೇ ಇದ್ದು ಉದ್ಯಾನದ ಒಳಗಾದವು. ತಲೆಮಾರುಗಳಿಂದ ಉತ್ತ ನೆಲದಲ್ಲಿ ರೈತ ಒತ್ತುವರಿದಾರನೆನಿಸಿದ. ಕುದುರೆಮುಖದ ಸುತ್ತಲಿನವರಿಗೆ ಈ ಕಥೆಯ ಮುಂದಿನ ಸಾಲನ್ನು ನಾನು ಹೇಳಬೇಕಾಗಿಲ್ಲ. ವಿಪರ್ಯಾಸವೆಂದರೆ, ಅದೇ ಬೆಟ್ಟಸಾಲಿನ ಪೊಂಗ್ಕೋರ್‌ನಲ್ಲಿ 1994ರಿಂದ ಸರಕಾರಿ ಕಂಪನಿಯ ಚಿನ್ನದ ಗಣಿ ನಡೆಯಿತು. ಅದರ ಬೆನ್ನಿಗೇ ಪಾದರಸ ಬಳಸುವ ಅಕ್ರಮ ಗಣಿಗಾರಿಕೆಯೂ ಹರಡಿತು.

ಒಂದು ಪದ ಅಳಿಸಿದಾಗ

ಇಲ್ಲಿಂದ ಮುಂದಿನದು ಹೋರಾಟದ ಕಥೆ. 1999ರ ಇಂಡೊನೇಷ್ಯ ಅರಣ್ಯ ಕಾನೂನು ಸಾಂಪ್ರದಾಯಿಕ ಸಮುದಾಯಗಳ ಕಾಡನ್ನು 'ಆ ಸಮುದಾಯಗಳ ಪ್ರದೇಶದಲ್ಲಿರುವ ಸರಕಾರಿ ಕಾಡು' ಎಂಬರ್ಥದಲ್ಲಿ ವ್ಯಾಖ್ಯಾನಿಸಿತ್ತು. ಅದೇ ವರ್ಷ ಸ್ಥಾಪನೆಯಾದ ಮೂಲನಿವಾಸಿಗಳ ಒಕ್ಕೂಟ 'ಅಮಾನ್' ಮತ್ತು ಎರಡು ಸಮುದಾಯಗಳು ಇದನ್ನು ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಆ ಎರಡರಲ್ಲಿ ಒಂದು ಹಾಲಿಮುನ್ ಬೆಟ್ಟದ್ದೇ ಆದ ಕಸೆಪುಹಾನ್ ಚಿಸಿತು. 2013ರ ಮೇ 16ರಂದು ನ್ಯಾಯಾಲಯ ಆ ವ್ಯಾಖ್ಯಾನದಿಂದ 'ಸರಕಾರಿ' ಎಂಬ ಪದವನ್ನು ತೆಗೆದುಹಾಕಿತು. ಸಮುದಾಯದ ಕಾಡು ಸರಕಾರಿ ಕಾಡಲ್ಲ ಎಂದಾಯಿತು.

ಆದರೆ ತೀರ್ಪು ಬಂದ ಮಾತ್ರಕ್ಕೆ ಕಾಡು ಕೈಗೆ ಬರಲಿಲ್ಲ. ಮೊದಲು ಸ್ಥಳೀಯ ಸರಕಾರ ಸಮುದಾಯವನ್ನು ಗುರುತಿಸಬೇಕು. ಸಮುದಾಯ ತನ್ನ ಗಡಿಯನ್ನು ನಕಾಶೆಯಲ್ಲಿ ತೋರಿಸಬೇಕು. ಲೆಬಾಕ್ ಜಿಲ್ಲೆ 2015ರಲ್ಲಿ ಕಸೆಪುಹಾನ್‌ಗಳನ್ನು ಮಾನ್ಯಮಾಡುವ ನಿಯಮ ತಂದಿತು. 2016ರ ಡಿಸೆಂಬರ್ 30ರಂದು ಅಧ್ಯಕ್ಷ ಜೋಕೊ ವಿಡೊಡೊ ದೇಶದ ಮೊದಲ ಒಂಬತ್ತು ಸಮುದಾಯಗಳಿಗೆ ಒಟ್ಟು ಸುಮಾರು 13,000 ಹೆಕ್ಟೇರ್ ಕಾಡಿನ ಮಾನ್ಯತಾಪತ್ರ ನೀಡಿದಾಗ, ಅವರಲ್ಲಿ ಲೆಬಾಕ್‌ನ ಕಸೆಪುಹಾನ್ ಕರಾಂಗ್ ಒಂದಾಗಿತ್ತು. ನಾಡಿನ ಗಾತ್ರಕ್ಕೆ ಇದು ಹಿಡಿಯಷ್ಟು. ಆದರೂ ನಕಾಶೆ, ದಾಖಲೆ, ಒಗ್ಗಟ್ಟು ಇದ್ದವರಿಗೆ ಮೊದಲು ಸಿಕ್ಕಿತೆಂಬುದನ್ನು ಗಮನಿಸಬೇಕು.

ನೆರಳೂ ಇದೆ

ಈ ಊರುಗಳನ್ನು ಸ್ವರ್ಗವೆಂದು ಬಣ್ಣಿಸುವುದು ಅಲ್ಲಿನ ಜನರಿಗೂ ಮಾಡುವ ಅನ್ಯಾಯ. ಮುಖ್ಯಸ್ಥನ ಸ್ಥಾನ ವಂಶಪಾರಂಪರ್ಯವಾದದ್ದು; ಕಟ್ಟಳೆಯನ್ನು ಪ್ರಶ್ನಿಸುವುದು ಸುಲಭವಲ್ಲ. ಅಕ್ಕಿ ಕುಟ್ಟುವ ದುಡಿಮೆ ಹೆಂಗಸರದು. ಭತ್ತದ ತಾಯಿಯ ಗೌರವದ ಹೊರೆ ಮನೆಯ ತಾಯಿಯ ತೋಳಿನ ಮೇಲೆ ಬೀಳುತ್ತದೆ. ಗದ್ದೆಗಳು ಪಾಲಾಗುತ್ತ ಚಿಕ್ಕದಾಗುತ್ತಿವೆ. ಯುವಕರು ಹಣಕ್ಕಾಗಿ ಪಟ್ಟಣಕ್ಕೆ, ಗಣಿಗೆ ಹೋಗುತ್ತಾರೆ. ಹಬ್ಬ ನೋಡಲು ಬರುವ ಪ್ರವಾಸಿಗರ ದಟ್ಟಣೆಯೂ ಹೆಚ್ಚಿದೆ. ಹವಾಮಾನ ಬದಲಾದಾಗ ನಕ್ಷತ್ರ ಹೇಳುವ ಕಾಲಕ್ಕೂ ಮಳೆ ಬರುವ ಕಾಲಕ್ಕೂ ಹೊಂದಿಕೆ ತಪ್ಪುತ್ತದೆ. ನಕ್ಷತ್ರ ತಪ್ಪದೆ ಮೂಡುತ್ತದೆ, ಮಳೆ ಹಾಗಲ್ಲ. ಇವೆಲ್ಲಕ್ಕೂ ಹಳೆಯ ಕಟ್ಟಳೆಯಲ್ಲಿ ಸಿದ್ಧ ಉತ್ತರವಿಲ್ಲ.

ನಮ್ಮ ಪಾಲಿನ ಕೆಲಸ

ಹಾಗಾದರೆ ಇದರಿಂದ ನಮಗೇನು? ಅವರ ಕಟ್ಟಳೆಯನ್ನು ಇಲ್ಲಿ ನೆಡಲಾಗದು, ನೆಡಬೇಕಾಗಿಯೂ ಇಲ್ಲ. ನಮ್ಮ ಕಣಿವೆಗಳಲ್ಲಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗಿವೆ. ಭತ್ತದಲ್ಲಿ ಲಾಭವಿಲ್ಲ, ಆಳು ಸಿಗುವುದಿಲ್ಲ ಎಂಬ ರೈತನ ಮಾತು ಸುಳ್ಳಲ್ಲ. ಅವನನ್ನು ದೂಷಿಸಲು ನನಗೆ ಮನಸ್ಸಿಲ್ಲ. ಆದರೆ ಎಲೆಚುಕ್ಕಿ ರೋಗ ತೋಟಕ್ಕೆ ತೋಟವನ್ನೇ ಬೋಳಾಗಿಸುವುದನ್ನು ಕಂಡ ಮೇಲೆ, ಒಂದೇ ಬೆಳೆಯ ಮೇಲೆ, ಒಂದೇ ಪೇಟೆಯ ಮೇಲೆ ಇಡೀ ಬದುಕನ್ನು ನಿಲ್ಲಿಸುವುದು ಎಂಥ ಗಂಡಾಂತರವೆಂದು ಯೋಚಿಸಲೇಬೇಕಾಗಿದೆ. ಪಣತ ಖಾಲಿಯಾದ ಮನೆಗೆ ತೋಟವೂ ಕೈಕೊಟ್ಟರೆ ಉಳಿಯುವುದು ಪಡಿತರದ ಚೀಲ ಮಾತ್ರ.

ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಬೀಜ. ನೆರೆಗುಳಿ, ಏಡಿಕುಣಿಗಳಂತೆ ನೆರೆನೀರನ್ನು ತಾಳುವ ತಳಿಗಳು ಯಾರ ಮನೆಯಲ್ಲಿ ಉಳಿದಿವೆ ಎಂಬ ಪಟ್ಟಿ ಪ್ರತಿ ಊರಿನಲ್ಲಿ ಆಗಲಿ. ಒಂದು ಗುಂಟೆಯಲ್ಲಾದರೂ ಪ್ರತಿವರ್ಷ ಬಿತ್ತಿದರೆ ಬೀಜ ಜೀವಂತವಾಗಿರುತ್ತದೆ. ವಿದ್ಯಾರ್ಥಿಗಳು ಈ ಪಟ್ಟಿಯನ್ನು ಬರೆಯಬಲ್ಲರು.

ಎರಡನೆಯದು, ನಕಾಶೆ. 2006ರ ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೆ ಸಮುದಾಯ ಅರಣ್ಯದ ಹಕ್ಕನ್ನು ಕೇಳುವ ಅವಕಾಶ ನೀಡಿದೆ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳಿಗೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಪುರಾವೆ ಬೇಕು. ಅದು ಕಠಿಣವೇ ಸರಿ. ಆದರೂ ಎಲ್ಲಿ ಸೊಪ್ಪು ತಂದೆವು, ಎಲ್ಲಿ ಉಪ್ಪಾಗೆ ಆರಿಸಿದೆವು, ಯಾವುದು ದೇವರಬನ ಎಂಬುದನ್ನು ಹಿರಿಯರು ಬದುಕಿರುವಾಗಲೇ ನಡೆದು ಗುರುತಿಸಿ ಬರೆದಿಡದಿದ್ದರೆ ನಾಳೆ ಯಾವ ನ್ಯಾಯಾಲಯವೂ ನಮ್ಮ ನೆರವಿಗೆ ಬರಲಾರದು. ಚಿಸಿತು ಮತ್ತು ಕರಾಂಗ್ ಊರುಗಳ ಪಾಠ ಇದೇ.

ಮೂರನೆಯದು, ಕಣಜ. ಹತ್ತು ಮನೆಗಳು ಸೇರಿ, ಊರಿನಲ್ಲಿ ಬೆಳೆದ ಭತ್ತದ ಒಂದು ಪಾಲನ್ನು ಒಂದೆಡೆ ಇಟ್ಟು, ಬೇಕಾದವರಿಗೆ ಕಡ ಕೊಟ್ಟು ಹಿಂಪಡೆಯುವ ಏರ್ಪಾಡನ್ನು ಮಾಡಲು ಸರಕಾರದ ಅನುಮತಿ ಬೇಡ, ಅನುದಾನವೂ ಬೇಡ. ಒಬ್ಬರನ್ನೊಬ್ಬರು ನಂಬಬೇಕು, ಅಷ್ಟೆ. ಅದು ಕಷ್ಟದ ಕೆಲಸವೆಂದು ನನಗೆ ಗೊತ್ತು. ಆದರೂ ಮುಂದಿನ ಸುಗ್ಗಿಗೆ ಈ ಸಭೆಯಲ್ಲಿರುವ ಒಂದು ಊರಾದರೂ ಅದನ್ನು ಆರಂಭಿಸಿದರೆ, ಲೆಕ್ಕ ಇಡುವ, ತೇವಾಂಶ ಅಳೆಯುವ, ಕೀಟ ಬಾರದಂತೆ ಸಂಗ್ರಹಿಸುವ ಕೆಲಸದಲ್ಲಿ ನಾನು ಜೊತೆಗಿರುತ್ತೇನೆ.